ಬೆಲ್ಟು ಹಿಗ್ಗಿರಲಿಲ್ಲ

ಮಾರ್ಚ್ ೪

ಅಮ್ಮಾ,

ನೀನು ಕಟ್ಟಿದ ಗಿರಣಿಕಾರು ಊರು ಮುಟ್ಟಿತು, ಅದರ ಜೊತೆ ನಾನೂ ಮುಟ್ಟಿದೆ. ದಾರಿಯಲ್ಲಿ ಒಂದು ನಟ್ಟು ಕೂಡ ಸಡಿಲವಾಗಲಿಲ್ಲ. ಪೆಟ್ರೋಲ್ ಹಾಕುವವನು ಹಿಂದಿನ ಬಾಗಿಲು ತೆಗೆಸಿ ಬಗ್ಗಿ ನೋಡಿ, "ಮೇಡಂ, ಹಿಂದಿನ ಸೀಟು ಕಿತ್ತು ಹಿಟ್ಟಿನ ಗಿರಣಿ ಕೂರಿಸಿದ ಕಾರನ್ನ ಇದೇ ಮೊದಲು ನೋಡ್ತಿರೋದು. ಯಾರು ಮಾಡಿದ್ದು?" ಅಂದ. "ನಮ್ಮಮ್ಮ" ಅಂದೆ. "ಅಪ್ಪ ಅಲ್ವಾ?" ಅಂದ. "ಅಪ್ಪ ಗಲ್ಲಾದ ಹತ್ತಿರ ಕೂತು ಪೇಪರ್ ಓದ್ತಿದ್ರು" ಅಂದೆ. ಅವನಿಗೆ ನಗು ತಡೆಯಲಿಲ್ಲ. ಅಪ್ಪ ಇದ್ದಿದ್ದರೆ ಅವರೂ ನಗುತ್ತಿದ್ದರು.

ಮಾರುಕಟ್ಟೆ ಚೆನ್ನಾಗಿದೆ. ಸಿಮೆಂಟು ಅಂಗಳ, ಮೇಲೆ ತಗಡು, ನೆಲದ ಮೇಲೆ ಬಿಳಿ ಬಣ್ಣದಲ್ಲಿ ಎಳೆದ ಚೌಕಗಳು. ನನ್ನ ಚೌಕದ ಎಡಕ್ಕೆ ಛತ್ರಿ ರಿಪೇರಿಯವನು, ಬಲಕ್ಕೆ ಅಂಗಿಗೆ ಹಾಕುವ ಗುಂಡಿಗಳನ್ನು ಮಾರುವ ಹೆಂಗಸು. ಎಲ್ಲರೂ ಅವಳನ್ನು ಗುಂಡಿ ಅಕ್ಕ ಅನ್ನುತ್ತಾರೆ. ಇಡೀ ಅಂಗಳಕ್ಕೆ ಒಬ್ಬ ಮೇಲ್ವಿಚಾರಕ. ಕುತ್ತಿಗೆಯಲ್ಲಿ ಸದಾ ಸೀಟಿ ತೂಗುತ್ತಿರುತ್ತದೆ, ಹಾಗಾಗಿ ಅವನ ಹೆಸರೂ ಸೀಟಿ. ನನ್ನ ಜಾಗ ಬೇಸಿಗೆ ಮುಗಿಯುವವರೆಗೆ ಪರೀಕ್ಷೆಗೆ ಕೊಟ್ಟದ್ದು. "ನೋಡಮ್ಮಾ, ಯಂತ್ರ ನಿಂತು ಜನ ಸಾಲಲ್ಲಿ ಗಲಾಟೆ ಮಾಡಿದ್ರೆ ನನಗೆ ಆಗಲ್ಲ. ಮೂರು ಸಲ ನಿಲ್ತು ಅಂದ್ರೆ ಜಾಗ ಹಣ್ಣಿನ ರಸದವನಿಗೆ" ಅಂತ ಮೊದಲ ದಿನವೇ ಹೇಳಿಬಿಟ್ಟ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಕೂಗಿ ಹೇಳಿದರೆ ನಿನಗೆ ಕೇಳಿಸುವುದಿಲ್ಲ. ವರ್ಷಗಟ್ಟಲೆ ಗಿರಣಿಯ ಸದ್ದು ಕುಡಿದ ಕಿವಿ ಅದು, ಅದಕ್ಕೇ ಕಾಗದ. ಮುಂದಿನ ಸೀಟಿನ ಕೆಳಗಿರುವ ಎಂಜಿನ್ನಿನಿಂದ ಗಿರಣಿಗೆ ಹೋಗುವ ಬೆಲ್ಟು ಕೂಗುತ್ತಿದೆ. ಎಂಜಿನ್ ಬರಿದೇ ಓಡುವಾಗ ಸದ್ದಿಲ್ಲ. ಕಾಳು ಸುರಿದ ತಕ್ಷಣ, ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕಿರುಚುತ್ತದೆ. ಆಮೇಲೆ ಜಾರುತ್ತದೆ, ಸುಟ್ಟ ರಬ್ಬರಿನ ವಾಸನೆ ಬರುತ್ತದೆ. ನಿನ್ನೆ ಒಬ್ಬರ ಗೋಧಿ ಅರ್ಧ ಬೀಸಿದಾಗ ಕಲ್ಲು ನಿಂತೇಹೋಯಿತು. ಸೀಟಿ ಒಂದು ಬೆರಳು ಎತ್ತಿ ತೋರಿಸಿದ.

"ಬೇಸಿಗೆ ಮುಗಿಯೋವರೆಗೆ ನೋಡು, ಆಗದಿದ್ದರೆ ವಾಪಸ್ ಬಂದು ಇಲ್ಲಿ ಗಿರಣಿ ನೋಡಿಕೋ" ಅಂತ ಕಳಿಸುವಾಗ ನೀನು ಹೇಳಿದ್ದೆ. ಆಗುತ್ತದೆ ಅಮ್ಮಾ. ಬೆಲ್ಟಿಗೆ ಏನು ಮಾಡಲಿ ಅಂತ ಮಾತ್ರ ಬರೆ.

ನಿನ್ನ ಮಗಳು


ಮಾರ್ಚ್ ೧೧

ಮಗಳೇ,

ಕಾಗದ ಸಿಕ್ಕಿತು. ಬೆಲ್ಟು ಹಿಗ್ಗಿದೆ, ಅಷ್ಟೇ. ಹೊಸ ಬೆಲ್ಟು ಮೊದಲ ವಾರ ಹಿಗ್ಗಿಯೇ ಹಿಗ್ಗುತ್ತದೆ. ಎಂಜಿನ್ ನಿಲ್ಲಿಸು. ಎರಡು ಪುಲ್ಲಿಗಳ ನಡುವೆ ಬೆಲ್ಟಿನ ಮೇಲೆ ಹೆಬ್ಬೆರಳು ಒತ್ತು. ಬೆರಳಿನ ದಪ್ಪಕ್ಕಿಂತ ಹೆಚ್ಚು ಒಳಗೆ ಹೋದರೆ ಸಡಿಲ. ಗಿರಣಿಯ ಬುಡದ ಬೋಲ್ಟುಗಳನ್ನು ಬಿಚ್ಚಿ, ಇಡೀ ಗಿರಣಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಮತ್ತೆ ಬಿಗಿ ಮಾಡು. ಬೋಲ್ಟಿಗೆ ಉದ್ದನೆಯ ತೂತು ಬಿಟ್ಟಿರುವುದು ಅದಕ್ಕೇ. ಜೊತೆಗೆ ರಾಳದ ಪುಡಿ ಕಳಿಸಿದ್ದೇನೆ, ಜಾರದ ಹಾಗೆ ಬೆಲ್ಟಿನ ಒಳಮೈಗೆ ಸವರು.

ನಮ್ಮ ಗಿರಣಿಯ ದೊಡ್ಡ ಬೆಲ್ಟು ನೀನು ಶಾಲೆಗೆ ಸೇರಿದ ವರ್ಷ ಹಾಕಿದ್ದು, ನೀನು ಶಾಲೆ ಬಿಡುವವರೆಗೆ ಓಡಿತು. ಒಂದು ದಿನ ಕೂಗಲಿಲ್ಲ. ನೆಲದಲ್ಲಿ ಎಂಜಿನ್, ನೆಲದಲ್ಲಿ ಕಲ್ಲು, ಎರಡಕ್ಕೂ ಕಾಂಕ್ರೀಟು. ನಿನ್ನ ಕಾರಿನಲ್ಲೂ ಹಾಗೇ ಮಾಡಿದ್ದೇನೆ. ಗಿರಣಿಯ ಬುಡದ ಪಟ್ಟಿಯನ್ನು ಕಾರಿನ ಅಡಿಗೆ ನಾನೇ ವೆಲ್ಡ್ ಮಾಡಿದ್ದೇನೆ. ಕಾರು ಮಗುಚಿದರೂ ಗಿರಣಿ ಅಲ್ಲಾಡುವುದಿಲ್ಲ. ಆದ್ದರಿಂದ ಕಟ್ಟಿದ್ದನ್ನು ಅನುಮಾನಿಸಬೇಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಇಲ್ಲಿ ಎಲ್ಲ ಕ್ಷೇಮ. ನಿನ್ನ ಸ್ಟೂಲಿನ ಮೇಲೆ ಈಗ ಚೀಲಗಳನ್ನು ಪೇರಿಸಿದ್ದೇನೆ. ಬೇಕಾದಾಗ ಇಳಿಸಬಹುದು.

ಅಮ್ಮ


ಮಾರ್ಚ್ ೨೭

ಅಮ್ಮಾ,

ನೀನು ಹೇಳಿದ ಹಾಗೆ ಬಿಗಿ ಮಾಡಿದೆ. ಎರಡು ದಿನ ಸುಮ್ಮನಿತ್ತು. ಮೂರನೆಯ ದಿನ ಮತ್ತೆ ಬೆಕ್ಕು. ಇನ್ನಷ್ಟು ಬಿಗಿ ಮಾಡಿದೆ. ಹೆಬ್ಬೆರಳು ಒತ್ತಿದರೆ ಬೆಲ್ಟು ತಂತಿಯ ಹಾಗೆ ಮಿಡಿಯಿತು. ಆಗ ಕೂಗು ಕಡಿಮೆಯಾಯಿತು, ಆದರೆ ಗಿರಣಿಯ ಅಚ್ಚು ಕೂತಿರುವ ಬೇರಿಂಗು ಕೈ ಇಡಲಾಗದಷ್ಟು ಕಾದು ಕೊನೆಗೆ ಹಿಡಿದುಕೊಂಡು, ಕಲ್ಲು ನಿಂತಿತು. ಇದು ಎರಡನೆಯ ಸಲ. ಸೀಟಿ ಎರಡು ಬೆರಳು ಎತ್ತಿದ. ಗುಂಡಿ ಅಕ್ಕ ಅವನಿಗೆ, "ಅಯ್ಯಾ, ಬೆರಳೆಣಿಸೋದು ನಿನಗೆ ಅಷ್ಟು ಚೆನ್ನಾಗಿ ಬಂದ್ರೆ ನನ್ನ ಅಂಗಡಿಗೆ ಬಾ, ಗುಂಡಿ ಎಣಿಸು" ಅಂದಳು. ಅವನು ಸೀಟಿ ಊದಿ ಹೊರಟುಹೋದ.

ರಾಳದ ಪುಡಿ ಹಾಕಿದ್ದೇ ತಪ್ಪಾಯಿತೇನೋ. ಅದು ನಮ್ಮ ಗಿರಣಿಯ ಚಪ್ಪಟೆ ಬೆಲ್ಟಿಗೆ ಸರಿ. ಈ ಕಾರಿನ ಬೆಲ್ಟು ಪುಲ್ಲಿಯ ಕೊರಕಲಿನಲ್ಲಿ ಕೂತು ಓಡುವ ಜಾತಿಯದು. ರಾಳ ಕರಗಿ ಅಂಟಾಗಿ, ಬೆಲ್ಟಿನ ಮೈಯೆಲ್ಲ ಬೆಲ್ಲದ ಪಾಕ ಮೆತ್ತಿಕೊಂಡ ಮಗುವಿನ ಕೆನ್ನೆಯಂತಾಗಿತ್ತು. ತೆಗೆದು ಹೊಸ ಬೆಲ್ಟು ಹಾಕಿದ್ದೇನೆ, ಬೇರಿಂಗೂ ಹೊಸತು. ಅಂಗಳದ ಆಚೆ ಬದಿಯ ಗ್ಯಾರೇಜಿನವನು ಬೇರಿಂಗ್ ಹೊಡೆದು ಕೂರಿಸುತ್ತಾ, "ಬಿಗಿ ಮಾಡಿ ಮಾಡಿ ಬೆಲ್ಟಿನ ಪ್ರಾಣ ತೆಗೀತಿದ್ದೀರಲ್ಲ, ಯಾರು ಹೇಳಿಕೊಟ್ಟಿದ್ದು?" ಅಂದ. ಬೇರಿಂಗಿನ ದುಡ್ಡು ಎಣಿಸಿ ಕೊಟ್ಟೆ.

ಬಿಗಿಯಾದರೆ ಬೇರಿಂಗು ಸುಡುತ್ತದೆ, ಸಡಿಲವಾದರೆ ಬೆಲ್ಟು ಸುಡುತ್ತದೆ. ನಡುವೆ ಸರಿಯಾದ ಒಂದು ಬಿಗಿ ಇರಬೇಕು. ಹುಡುಕಿದಷ್ಟೂ ಕೈಗೆ ಸಿಗುತ್ತಿಲ್ಲ. ಇದರಲ್ಲಿ ಏನೋ ಬೇರೆಯೇ ಇದೆ ಅನ್ನಿಸುತ್ತದೆ.

ಮಗಳು


ಏಪ್ರಿಲ್ ೩

ಮಗಳೇ,

ಬೇರೆ ಏನೂ ಇಲ್ಲ. ಕಳಪೆ ಬೆಲ್ಟು ಕೊಟ್ಟಿದ್ದಾರೆ, ಅದು ಹಿಗ್ಗುತ್ತಿದೆ. ಅಂಗಡಿ ಬದಲಿಸು.

ನಾನು ಕಾರು ಕಟ್ಟಿ ಶೆಡ್ಡಿನಲ್ಲಿ ಓಡಿಸಿದಾಗ ಗಿರಣಿಯ ಮೈಮೇಲೆ ಅಂಗೈ ಇಟ್ಟು ನೋಡಿದ್ದೇನೆ. ನಡುಕವೇ ಇರಲಿಲ್ಲ. ನನ್ನ ಕಿವಿ ಹೋಗಿರಬಹುದು, ಅಂಗೈ ಹೋಗಿಲ್ಲ. ಗ್ಯಾರೇಜಿನವನಿಗೆ ಎಷ್ಟು ಗಿರಣಿ ಗೊತ್ತು ಕೇಳು.

ಮೂರನೆಯ ಬೆರಳು ಎತ್ತುವವರೆಗೆ ಕಾಯಬೇಕಾಗಿಲ್ಲ. ಇಲ್ಲಿ ಗಿರಣಿ ಇದೆ, ಕೆಲಸ ಇದೆ. ಮರ್ಯಾದೆಯಿಂದ ಬಂದರೂ ಅದೇ ಬಾಗಿಲು, ಸೋತು ಬಂದರೂ ಅದೇ ಬಾಗಿಲು. ಕೇಳುವವರು ಯಾರೂ ಇಲ್ಲ.

ಅಮ್ಮ


ಏಪ್ರಿಲ್ ೧೯

ಅಮ್ಮಾ,

ಈ ಕಾಗದವನ್ನು ಕೂತುಕೊಂಡು ಓದು.

ಕಳೆದ ವಾರ, ನಾನು ಮೊದಲು ತೆಗೆದುಹಾಕಿದ್ದ ಹಳೆಯ ಬೆಲ್ಟನ್ನೂ ಅಂಗಡಿಯಿಂದ ತಂದ ಹೊಚ್ಚ ಹೊಸ ಬೆಲ್ಟನ್ನೂ ನನ್ನ ಕೋಣೆಯ ಗೋಡೆಯಲ್ಲಿ ಒಂದೇ ಮೊಳೆಗೆ ನೇತುಹಾಕಿದೆ. ಎರಡರ ಕೆಳತುದಿಯೂ ಒಂದೇ ಮಟ್ಟದಲ್ಲಿ ನಿಂತವು. ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬೆಲ್ಟು ಹಿಗ್ಗಿರಲೇ ಇಲ್ಲ ಅಮ್ಮಾ. ನೀನು, ನಾನು, ಗ್ಯಾರೇಜಿನವನು, ಛತ್ರಿಯವನು, ಎಲ್ಲರೂ ಸೇರಿ ಅದರ ಮೇಲೆ ಇಲ್ಲದ ಅಪವಾದ ಹೊರಿಸಿದೆವು.

ಹಾಗಾದರೆ ಸಡಿಲವಾದದ್ದು ಏನು? ಗುಂಡಿ ಅಕ್ಕನ ಹತ್ತಿರ ಗಟ್ಟಿ ದಾರ ಇಸಿದುಕೊಂಡೆ. ಒಂದು ತುದಿಯನ್ನು ಎಂಜಿನ್ನಿಗೆ ಕಟ್ಟಿದೆ, ಇನ್ನೊಂದನ್ನು ಗಿರಣಿಯ ಚೌಕಟ್ಟಿಗೆ, ಬಿಗಿಯಾಗಿ. ಬೆಲ್ಟಿನ ಪಕ್ಕದಲ್ಲೇ, ಅದಕ್ಕೆ ತಾಗದ ಹಾಗೆ. ಎಂಜಿನ್ ಓಡಿಸಿದೆ. ದಾರ ನೆಟ್ಟಗಿತ್ತು. ಗುಂಡಿ ಅಕ್ಕನಿಗೆ ಕಾಳು ಸುರಿಯಲು ಹೇಳಿ ನಾನು ಮಂಡಿಯೂರಿ ಕೂತು ನೋಡಿದೆ. ಕಾಳು ಕಲ್ಲಿಗೆ ಬಿದ್ದ ಕ್ಷಣ ದಾರ ಜೋತುಬಿತ್ತು. ಬೆಲ್ಟು ಕಿರುಚಿತು. ಕಾಳು ಮುಗಿಯಿತು, ದಾರ ಮತ್ತೆ ನೆಟ್ಟಗಾಯಿತು. ನಾಲ್ಕಾರು ಸಲ ಮಾಡಿದೆವು, ಪ್ರತಿಸಲವೂ ಹಾಗೇ. "ಇದೇನೇ, ದಾರ ಉಸಿರಾಡ್ತಿದೆ!" ಅಂದಳು ಅಕ್ಕ.

ಉಸಿರಾಡುವುದು ಎಂಜಿನ್ನು. ನಮ್ಮ ಗಿರಣಿಯಲ್ಲಿ ಎಂಜಿನ್ ಕಾಂಕ್ರೀಟಿನಲ್ಲಿ ಹೂತಿದೆ, ಅದಕ್ಕೆ ಅಲುಗುವುದು ಗೊತ್ತಿಲ್ಲ. ಕಾರಿನ ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಭಾರ ಬಿದ್ದಾಗ ಅದು ಮೈ ಹೊರಳಿಸುತ್ತದೆ, ಹೊರಳಿಸಲಿ ಅಂತಲೇ ಹಾಗೆ ಮಾಡಿರುತ್ತಾರೆ. ನೀನು ಗಿರಣಿಯನ್ನು ಕಾರಿನ ಅಡಿಗೆ ಕಲ್ಲಿನಂತೆ ಬಿಗಿದೆ. ಒಂದು ಹೊರಳುತ್ತದೆ, ಇನ್ನೊಂದು ಜಪ್ಪಯ್ಯ ಅಂದರೂ ಕದಲುವುದಿಲ್ಲ. ನಡುವೆ ಸಿಕ್ಕಿಕೊಂಡ ಬೆಲ್ಟು ಒಂದು ಸಲ ಸಡಿಲ, ಒಂದು ಸಲ ಬಿಗಿ. ನೀನು ಅಂಗೈ ಇಟ್ಟದ್ದು ಗಿರಣಿಯ ಮೇಲೆ, ಅದು ನಿಜಕ್ಕೂ ನಡುಗುತ್ತಿರಲಿಲ್ಲ. ಎಂಜಿನ್ನಿನ ಮೇಲೆ ಇಟ್ಟಿದ್ದರೆ ಗೊತ್ತಾಗುತ್ತಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳು ಅಂತ ಬರೆದಿದ್ದೆಯಲ್ಲ. ಈ ಸಲ ನೆಲವೇ ಡೊಂಕು.

ಪರಿಹಾರವನ್ನೂ ಯೋಚಿಸಿದ್ದೇನೆ. ಗಿರಣಿಯ ಚೌಕಟ್ಟನ್ನೂ ರಬ್ಬರಿನ ಮೇಲೆ ಕೂರಿಸಬೇಕು. ಆಮೇಲೆ ಎಂಜಿನ್ನಿಗೂ ಆ ಚೌಕಟ್ಟಿಗೂ ನಡುವೆ ಒಂದು ಗಟ್ಟಿ ಕಬ್ಬಿಣದ ತೋಳು. ಆಗ ಹೊರಳಿದರೆ ಎರಡೂ ಒಟ್ಟಿಗೆ ಹೊರಳುತ್ತವೆ, ನಡುವಿನ ದೂರ ಬದಲಾಗುವುದಿಲ್ಲ. ಇದಕ್ಕೆ ನಿನ್ನ ವೆಲ್ಡಿಂಗನ್ನು ಕತ್ತರಿಸಬೇಕು.

ಇನ್ನೊಂದು ಮಾತು, ಬರೆಯಬಾರದು ಅಂದುಕೊಂಡೇ ಬರೆಯುತ್ತಿದ್ದೇನೆ. ಪ್ರತಿ ಕಾಗದದಲ್ಲೂ ಬೆಲ್ಟಿನದೇ ತಪ್ಪು ಅನ್ನುತ್ತೀ, ಕೆಳಗೇ ವಾಪಸ್ಸು ಬಾ ಅನ್ನುತ್ತೀ. ಕಾರು ನಿಂತುಹೋದರೆ ನಿನಗೆ ಬೇಸರವಾಗುತ್ತದೆಯೋ, ಸಮಾಧಾನವಾಗುತ್ತದೆಯೋ?

ಮಗಳು


ಮೇ ೬

ಅಮ್ಮಾ,

ನಿನ್ನ ಉತ್ತರ ಬರಲಿಲ್ಲ. ಎರಡು ವಾರದಿಂದ ಕಾರನ್ನು ಹೊರಗೆ ತೆಗೆದಿಲ್ಲ. ಚೌಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂರುತ್ತೇನೆ, ಜಾಗ ಖಾಲಿ ಕಾಣಬಾರದಲ್ಲ. ಹಣ್ಣಿನ ರಸದವನು ಮೊನ್ನೆ ಅಳತೆಪಟ್ಟಿ ಹಿಡಿದುಕೊಂಡು ಬಂದ. "ಸುಮ್ನೆ ನೋಡ್ತಿದ್ದೆ" ಅಂದ. "ನೋಡಿ, ನೋಡೋಕೆ ನನ್ನ ಅಡ್ಡಿ ಇಲ್ಲ. ಒಂದಿಂಚೂ ಬಿಟ್ಟುಕೊಡಲ್ಲ" ಅಂದೆ.

ನಾನು ಏಪ್ರಿಲ್‌ನಲ್ಲಿ ಬರೆದ ಕೊನೆಯ ಸಾಲು ಕಟುವಾಯಿತು. ಅದಕ್ಕಿಂತ ಮೊದಲಿನ ಸಾಲುಗಳು ಸರಿಯಾಗಿಯೇ ಇವೆ.

ಗ್ಯಾರೇಜಿನವನ ಬಳಿ ಕಬ್ಬಿಣ ಕತ್ತರಿಸುವ ಯಂತ್ರ ಇದೆ. ಅವನೇ ಕತ್ತರಿಸಿಕೊಡುತ್ತೇನೆ ಅಂದ. ಬೇಡ ಅಂದೆ. ನೀನು ಹಾಕಿದ ವೆಲ್ಡನ್ನು ಬೇರೆಯವರ ಕೈಯಲ್ಲಿ ಕತ್ತರಿಸಲಾರೆ. ಹದಿನಾರಕ್ಕೆ ನಾನೇ ಕತ್ತರಿಸುತ್ತೇನೆ. ಬೇಡ ಅನ್ನುವುದಿದ್ದರೆ ಅದರೊಳಗೆ ಬರೆ. ಬೇಡ ಅಂದರೂ ಕತ್ತರಿಸುತ್ತೇನೆ, ಆದರೂ ಬರೆ.

ಮಗಳು


ಮೇ ೧೨

ಮಗಳೇ,

ಪಾರ್ಸೆಲ್ಲಿನಲ್ಲಿ ನಾಲ್ಕು ರಬ್ಬರ್ ತುಂಡುಗಳಿವೆ. ಲಾರಿಯ ಟಯರಿನಿಂದ ಕೊಯ್ದದ್ದು, ಒಳಗೆ ದಾರದ ಪದರ ಇದೆ. ಅಂಗಡಿಯಲ್ಲಿ ಸಿಗುವ ಮೆತ್ತನೆಯದು ಹಾಕಬೇಡ, ಮೂರು ತಿಂಗಳಿಗೆ ಕುಸಿಯುತ್ತದೆ. ನಾಲ್ಕರ ಮೇಲೆ ಒಂದು ಹಲಗೆ ಇಟ್ಟು, ನಾನೂ ಪಕ್ಕದ ಮನೆಯವಳೂ ಮೇಲೆ ಹತ್ತಿ ನಿಂತು ನೋಡಿದ್ದೇವೆ. ಅವಳ ಭಾರ ತಡೆದರೆ ಎರಡು ಗಿರಣಿಯ ಭಾರ ತಡೆಯುತ್ತದೆ.

ತೋಳಿನ ನಡುವೆ ತಿರುಗಿಸಿ ಉದ್ದ ಗಿಡ್ಡ ಮಾಡುವಂಥ ತಿರುಪು ಇರಲಿ. ಎರಡು ತುದಿಗೂ ರಬ್ಬರ್ ಬಳೆ ಹಾಕು, ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಕಡಿದುಹೋಗುತ್ತದೆ. ಗಿರಣಿಯ ಎರಡು ಕಲ್ಲೂ ಒಂದೇ ಚೌಕಟ್ಟಿನಲ್ಲಿ ಇವೆ, ಚೌಕಟ್ಟು ತೂಗಾಡಿದರೂ ಕಲ್ಲಿನ ನಡುವಿನ ಸಂದು ಕೆಡುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಇಷ್ಟು ದಿನ ಬೇಕಾಯಿತು.

ಕತ್ತರಿಸುವಾಗ ಕಣ್ಣಿಗೆ ಕನ್ನಡಕ ಹಾಕು. ಬಲಗಡೆಯ ಹಿಂದಿನ ಮೂಲೆಯ ವೆಲ್ಡು ದಪ್ಪ ಇದೆ, ಅವತ್ತು ಬೆಳಕು ಕಡಿಮೆಯಿತ್ತು. ಅಲ್ಲಿ ನಿಧಾನ.

ಅಮ್ಮ


ಜೂನ್ ೨

ಅಮ್ಮಾ,

ನೀನು ಬಂದದ್ದನ್ನು ನಾನು ನೋಡಿದೆ. ನೋಡಿದೆ ಅಂತ ನಿನಗೂ ಗೊತ್ತು. ಆದರೂ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಾವಿಬ್ಬರೂ ಎದುರೆದುರು ನಿಂತಾಗ ಆಡಲಾರದ್ದು ಕಾಗದದಲ್ಲಿಯಾದರೂ ಇರಲಿ.

ಭಾನುವಾರ, ಅಂಗಳ ತುಂಬಿತ್ತು. ತೋಳು ಹಾಕಿದ ಮೇಲೆ ಅದೇ ಮೊದಲ ದೊಡ್ಡ ಸಂತೆ. ಬೆಳಿಗ್ಗೆಯಿಂದ ಸಾಲು ಕರಗಿರಲಿಲ್ಲ. ಸೀಟಿ ಮೂರನೆಯ ಬೆರಳನ್ನು ಜೇಬಿನಲ್ಲಿ ಇಟ್ಟುಕೊಂಡು ಕಾರಿನ ಹಿಂದೆ ಮುಂದೆ ಸುತ್ತುತ್ತಿದ್ದ. ಹಣ್ಣಿನ ರಸದವನೂ ಅವನ ಹಿಂದೆಯೇ. ಕಾಳು ಬೀಳುತ್ತಿತ್ತು, ಹಿಟ್ಟು ಬರುತ್ತಿತ್ತು, ಬೆಲ್ಟಿನ ಬಾಯಿ ಮುಚ್ಚಿತ್ತು. ಎಂಜಿನ್ ಹೊರಳಿದಾಗ ಗಿರಣಿಯೂ ಹೊರಳುತ್ತಿತ್ತು. ಬಹಳ ಕಾಲ ಜೊತೆಗೆ ನಡೆದವರು ಹೆಜ್ಜೆ ಹಾಕುವುದಿಲ್ಲವೇ, ಹಾಗೆ.

ತಲೆಯೆತ್ತಿದರೆ ಸಾಲಿನಲ್ಲಿ ನೀನು. ಬಗಲಲ್ಲಿ ಗೋಧಿಯ ಚೀಲ. ಸ್ವಂತ ಗಿರಣಿ ಇಟ್ಟುಕೊಂಡವಳು ಬಸ್ಸಿನಲ್ಲಿ ಗೋಧಿ ಹೊತ್ತು ತಂದು ನನ್ನ ಮುಂದೆ ನಿಂತಿದ್ದೆ. ಅಮ್ಮಾ ಅಂತ ಬಾಯಿಗೆ ಬಂತು. ನಿನ್ನ ಮುಖ ನೋಡಿದರೆ ಗಿರಾಕಿಯ ಮುಖ. ಸರಿ, ಹಾಗೇ ಆಗಲಿ ಅಂದುಕೊಂಡೆ.

"ಎಷ್ಟು ನುಣ್ಣಗೆ ಬೇಕು?" ಅಂತ ನಿನಗೆ ತುಟಿ ಕಾಣುವ ಹಾಗೆ ನಿಧಾನವಾಗಿ ಕೇಳಿದೆ.

"ನಿನ್ನ ಗಿರಣಿಗೆ ಎಷ್ಟು ಬರುತ್ತೋ ಅಷ್ಟು" ಅಂದೆ ನೀನು.

"ಬರೋದು ಚೆನ್ನಾಗೇ ಬರುತ್ತೆ."

"ನೋಡೋಣ."

ನಿನ್ನ ಹಿಂದೆ ನಿಂತವನು, "ಅಜ್ಜೀ, ಮಾತು ಆಮೇಲೆ, ಬಿಸಿಲು ಏರ್ತಿದೆ" ಅಂದ. ನಿನಗೆ ಕೇಳಿಸಲಿಲ್ಲವೋ, ಕೇಳಿಸದ ಹಾಗೆ ನಿಂತೆಯೋ. ನಾನು ಚೀಲ ಸುರಿದೆ. ನೀನು ಕಾರಿನ ಹಿಂದಿನ ಬಾಗಿಲಿನ ಬಳಿ ಬಂದು ಎಡಗೈಯನ್ನು ಗಿರಣಿಯ ಮೇಲೂ ಬಲಗೈಯನ್ನು ತೋಳಿನ ಬುಡದಲ್ಲಿ ಎಂಜಿನ್ನಿನ ಪಕ್ಕದ ಕಂಬಿಯ ಮೇಲೂ ಇಟ್ಟೆ. ಸೀಟಿ ಓಡಿಬಂದ. "ಏಯ್ ಅಮ್ಮಾ, ಕೈ ತೆಗೀರಿ! ಓಡೋ ಯಂತ್ರ ಅದು. ಗಿರಣಿ ಬಗ್ಗೆ ನಿಮಗೇನು ಗೊತ್ತು?" ಅಂದ. ನೀನು ಅವನ ತುಟಿ ನೋಡಿ, "ಸ್ವಲ್ಪ" ಅಂದೆ. ಕೈ ತೆಗೆಯಲಿಲ್ಲ. ಕೊನೆಯ ಕಾಳು ಬೀಳುವವರೆಗೂ ಕಣ್ಣು ಮುಚ್ಚಿಕೊಂಡು ನಿಂತಿದ್ದೆ. ಆಮೇಲೆ ಹಿಟ್ಟು ತಗೊಂಡೆ, ಬೆರಳ ನಡುವೆ ಉಜ್ಜಿದೆ, ಎಲ್ಲರ ಹಾಗೆ ದುಡ್ಡು ಕೊಟ್ಟು ಹೊರಟೆ. ಸಾಲು ಬಿಟ್ಟು ನಿನ್ನ ಹಿಂದೆ ಓಡಿಬರಲು ಆಗಲಿಲ್ಲ. ಯಂತ್ರ ನಿಲ್ಲಿಸಿದ್ದರೆ ಅದೇ ಮೂರನೆಯ ಸಲವಾಗುತ್ತಿತ್ತು. ಇದು ನೆಪವಲ್ಲ. ನೆಪದ ಹಾಗೆ ಕಾಣುತ್ತದೆ ಅಷ್ಟೇ.

ಸಂಜೆ ಸೀಟಿ ಬಂದು ಚೌಕದ ನಾಲ್ಕು ಮೂಲೆಗೆ ಹೊಸ ಬಣ್ಣ ಬಳಿಸಿದ. ಜಾಗ ನನ್ನದಾಯಿತು. ಗುಂಡಿ ಅಕ್ಕ, "ಬೆಳಿಗ್ಗೆ ಬಂದಿದ್ಲಲ್ಲ ಆ ಅಜ್ಜಿ, ಬಸ್ ಸ್ಟಾಪಲ್ಲಿ ಒಂದು ಗಂಟೆ ಕೂತಿದ್ಲು ಕಣೇ. ಎರಡು ಬಸ್ ಬಿಟ್ಲು. ಯಾರಿಗೋ ಕಾಯ್ತಿದ್ಲೇನೋ" ಅಂದಳು.

ಅಮ್ಮಾ, ನನಗೆ ಗೊತ್ತಿರಲಿಲ್ಲ.

ನಿನ್ನ ಮಗಳು


ಜೂನ್ ೯

ಮಗಳೇ,

ಯಾರಿಗೂ ಕಾಯುತ್ತಿರಲಿಲ್ಲ. ಕಾಲು ನೋಯುತ್ತಿತ್ತು. ಬಸ್ಸಿನಲ್ಲಿ ಜನ ತುಂಬಿದ್ದರು. ಹೀಗೆ ಬರೆದರೆ ನೀನು ನಂಬುವುದಿಲ್ಲ ಅಂತ ಗೊತ್ತು, ನಂಬಬೇಡ.

ಮಾತಾಡಿಸಿದ್ದರೆ ಅಂಗಳದ ನಡುವೆಯೇ ಜಗಳ ಶುರುವಾಗುತ್ತಿತ್ತು. ಒಂದೇ ಗಿರಣಿಯಲ್ಲಿ ಇಬ್ಬರು ಯಜಮಾನಿಯರು ಆಗುವುದಿಲ್ಲ ಅಂತಲೇ ಅಲ್ಲವೇ ನೀನು ಹೊರಟದ್ದು. ಅದಕ್ಕೆ ಗಿರಾಕಿಯಾಗಿ ಬಂದೆ. ಗಿರಾಕಿಗೆ ಯಾರೂ ಎದುರುತ್ತರ ಕೊಡುವುದಿಲ್ಲ ಅಂದುಕೊಂಡಿದ್ದೆ, ನೀನು ಅಲ್ಲೂ ಕೊಟ್ಟೆ.

ಏಪ್ರಿಲ್‌ನಲ್ಲಿ ನೀನು ಕೇಳಿದ್ದಕ್ಕೆ ಉತ್ತರ. ನೀನು ವಾಪಸ್ಸು ಬರಲಿ ಎಂಬ ಆಸೆ ನನಗಿತ್ತು, ಸುಳ್ಳಾಡುವುದಿಲ್ಲ. ಆದರೆ ಆಸೆ ಬೇರೆ, ಕೈಕೆಲಸ ಬೇರೆ. ಬೇಕೆಂತಲೇ ಕೆಟ್ಟದಾಗಿ ಕಟ್ಟಲು ನನ್ನ ಕೈಗೆ ಬರುವುದಿಲ್ಲ. ನೆಲ ಅಲುಗುತ್ತದೆ ಅನ್ನುವುದು ನನಗೆ ಹೊಳೆಯಲಿಲ್ಲ. ನನ್ನ ನೆಲ ಎಂದೂ ಅಲುಗಿರಲಿಲ್ಲ.

ಎರಡು ಕೈಗೂ ಒಂದೇ ನಡುಕ ಸಿಕ್ಕಿತು. ತೋಳಿನ ಕೆಲಸ ಅಚ್ಚುಕಟ್ಟಾಗಿದೆ. ಮೇಲಿನ ಬೋಲ್ಟು ಒಂದು ಸುತ್ತು ಉದ್ದ ಉಳಿದಿದೆ, ಯಾರದಾದರೂ ಬಟ್ಟೆ ಸಿಕ್ಕಿಕೊಳ್ಳುತ್ತದೆ, ಕತ್ತರಿಸು.

ಇನ್ನು ಹಿಟ್ಟಿನ ಮಾತು. ಮನೆಗೆ ಬಂದು ಚೀಲದೊಳಗೆ ಕೈ ಹಾಕಿದೆ. ನುಣುಪು ಸಾಲದು, ತರಿ ಇದೆ. ಬೀಸುವಾಗ ಬೆಚ್ಚಗೂ ಇತ್ತು. ನಿನ್ನ ಬೆಲ್ಟಿನಲ್ಲಿ ದೋಷವಿಲ್ಲ, ಕಲ್ಲು ಮೊಂಡಾಗಿದೆ. ಇಷ್ಟು ದಿನ ಬೆಲ್ಟು ಜಾರುತ್ತಿದ್ದರಿಂದ ಅದು ಯಾರಿಗೂ ಗೊತ್ತಾಗಲಿಲ್ಲ. ಕಲ್ಲಿನ ಮೈಯನ್ನು ಉಳಿಯಿಂದ ಕಟೆದು ಮತ್ತೆ ಹರಿತ ಮಾಡಬೇಕು. ಆ ಕೆಲಸ ನಿನಗೆ ಬರುವುದಿಲ್ಲ, ನಿನ್ನ ಗ್ಯಾರೇಜಿನವನಿಗೂ ಬರುವುದಿಲ್ಲ.

ಗುರುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಇಲ್ಲಿ ಗಿರಣಿಗೆ ನಾಲ್ಕು ದಿನ ಬೀಗ ಅಂತ ಬೋರ್ಡು ಬರೆದು ಹಾಕಿದ್ದೇನೆ, ಓದಿದವರೆಲ್ಲ ನನಗೆ ಮೈ ಹುಷಾರಿಲ್ಲವೇ ಅಂತ ಕೇಳುತ್ತಿದ್ದಾರೆ. ಉಳಿಗಳನ್ನು ನಾನೇ ತರುತ್ತೇನೆ. ಕಲ್ಲು ಬಿಚ್ಚಿಟ್ಟಿರು. ಕಟೆಯುವಾಗ ಪಕ್ಕದಲ್ಲಿ ನಿಂತು ಬುದ್ಧಿ ಹೇಳಬೇಡ.

ಕಟೆದಾದ ಮೇಲೆ ಬೆಲ್ಟು ಹಾಕುವವಳು ನೀನು. ನಾನು ಅದನ್ನು ಮುಟ್ಟುವುದಿಲ್ಲ. ಎಷ್ಟು ಬಿಗಿ ಬೇಕು ಅಂತ ತೋರಿಸು, ಹೆಬ್ಬೆರಳಿಟ್ಟು ನೋಡಿಕೊಳ್ಳುತ್ತೇನೆ.

ಅಮ್ಮ